ಕೈಯಿಂದ ಮಾಡಿಸಿದ ಟ್ಯಾಕ್ಟಿಕಲ್ ಮಡಚು ಚಾಕು: ಕೊಳ್ಳುವ ಮುನ್ನ, ಜೇಬಿಗೆ ಹಾಕುವ ಮುನ್ನ ಪದೇ ಪದೇ ಕೇಳುವ ಪ್ರಶ್ನೆಗಳು

ಒಬ್ಬ ತಯಾರಕರ ಕೈಯಲ್ಲಿ ರೂಪುಗೊಂಡ ಮಡಚು ಚಾಕುವನ್ನು ಮೊದಲ ಬಾರಿಗೆ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಉಕ್ಕಿನ ಹೆಸರು ಹಿಡಿದು ವಿಚಾರಿಸಲು ಶುರು ಮಾಡುತ್ತಾರೆ. ನನ್ನ ಪ್ರಕಾರ ಮೊದಲು ವಿಚಾರಿಸಬೇಕಾದದ್ದು ಲಾಕಿನ ಬಗ್ಗೆ, ಆಮೇಲೆ ಕಾನೂನಿನ ಬಗ್ಗೆ. ಉಕ್ಕಿನ ಸರದಿ ಮೂರನೆಯದು. ಯಾವುದನ್ನು ಎಷ್ಟು ವಿವರಿಸಬೇಕು ಎಂಬುದನ್ನೂ ಇದೇ ತೂಕದಲ್ಲಿ ನಿರ್ಧರಿಸಿದ್ದೇನೆ.

ಟ್ಯಾಕ್ಟಿಕಲ್ ಮಡಚು ಚಾಕು ಮಾಮೂಲಿ ಜೇಬು ಚಾಕುವಿಗಿಂತ ಯಾವುದರಲ್ಲಿ ಬೇರೆ?

ಅದನ್ನು ಒಂದೇ ಕೈಯಲ್ಲಿ ತೆರೆಯಬಹುದು. ತೆರೆದ ಮೇಲೆ ಅಲಗು ಗಟ್ಟಿಯಾಗಿ ಲಾಕ್ ಆಗುತ್ತದೆ. ಜೇಬಿನ ಅಂಚಿಗೆ ಸಿಕ್ಕಿಸಲು ಕ್ಲಿಪ್ ಇರುತ್ತದೆ. ಕೈ ಒದ್ದೆಯಾಗಿದ್ದರೂ, ಕೈಗವಸು ತೊಟ್ಟಿದ್ದರೂ ಹಿಡಿ ಜಾರುವುದಿಲ್ಲ. ಹಳೆಯ ಜೇಬು ಚಾಕುವಿನ ಅಲಗನ್ನು ಉಗುರು ಸಿಕ್ಕಿಸಿ ಎಳೆಯಬೇಕು, ಅದಕ್ಕೆ ಎರಡೂ ಕೈ ಬೇಕು. ಏಣಿಯ ಮೇಲೆ ನಿಂತವನಿಗೆ, ಬಿಗಿದ ಹಗ್ಗವನ್ನು ಹಿಡಿದವನಿಗೆ, ಗಾಯಾಳುವಿನ ಬಟ್ಟೆಯನ್ನು ಅವಸರದಲ್ಲಿ ಕತ್ತರಿಸಬೇಕಾದವನಿಗೆ ಎರಡನೆಯ ಕೈ ಬಿಡುವಾಗಿರುವುದಿಲ್ಲ. ಈ ಮಾದರಿ ಹುಟ್ಟಿದ್ದು ಅಂಥವರ ಅಗತ್ಯದಿಂದ.

ಈ ಲಕ್ಷಣಗಳೆಲ್ಲ ಒಟ್ಟಿಗೆ ಬಂದವಲ್ಲ. 1964ರಲ್ಲಿ ಮಾರುಕಟ್ಟೆಗೆ ಬಂದ ಬಕ್ 110, ಲಾಕ್ ಇರುವ ಮಡಚು ಚಾಕುವನ್ನು ದುಡಿಯುವ ಜನರ ಸೊಂಟದ ಪಟ್ಟಿಗೆ ತಂದಿತು. 1981ರ ಸ್ಪೈಡರ್ಕೋ ವರ್ಕರ್ ಮಾದರಿಯಲ್ಲಿ ಹೆಬ್ಬೆರಳಿಂದ ತೆರೆಯಲು ಅಲಗಿನಲ್ಲೊಂದು ದುಂಡು ರಂಧ್ರವೂ ಹಿಡಿಗೊಂದು ಕ್ಲಿಪ್ಪೂ ಬಂದವು. ವಿದ್ಯುತ್ ಕೆಲಸಗಾರರ ಚಾಕುಗಳಲ್ಲಿ ಸರಳ ರೂಪದಲ್ಲಿ ಮೊದಲೇ ಇದ್ದ ಲೈನರ್ ಲಾಕನ್ನು (ಹಿಡಿಯ ಒಳಗಿನ ತಗಡೇ ಅಲಗನ್ನು ತಡೆಯುವ ಲಾಕ್) 1980ರ ದಶಕದ ಆರಂಭದಲ್ಲಿ ಅಮೆರಿಕದ ಚಾಕು ತಯಾರಕ ಮೈಕಲ್ ವಾಕರ್ ಇಂದಿನ ರೂಪಕ್ಕೆ ತಂದರು. ಇನ್ನೊಬ್ಬ ತಯಾರಕ ಬಾಬ್ ಟೆರ್ಜುವೊಲಾ ಅದನ್ನು ಟೈಟಾನಿಯಂ ಲೋಹ ಮತ್ತು ಜಿ10 ಎಂಬ ಗಾಜುನಾರಿನ ಹಿಡಿಯ ಜೊತೆ ಸೇರಿಸಿ ಟ್ಯಾಕ್ಟಿಕಲ್ ಎಂಬ ಪಂಥಕ್ಕೆ ಅಡಿಪಾಯ ಹಾಕಿದರು. ಕಪ್ಪು ಬಣ್ಣ, ಕೋರೆಹಲ್ಲಿನಂಥ ಅಲಗು, ಮೈತುಂಬ ಚೂಪು ಮೂಲೆಗಳು ಎಲ್ಲವೂ ಆಮೇಲೆ ಬಂದ ಅಲಂಕಾರ. ಅವಿಲ್ಲದೆಯೂ ಚಾಕು ಪೂರ್ತಿ ಟ್ಯಾಕ್ಟಿಕಲ್ ಆಗಿರಬಹುದು.

ಕಸ್ಟಮ್, ಕೈಯಿಂದ ಮಾಡಿದ್ದು, ಮಿಡ್‌ಟೆಕ್ ಎಂದು ಬೇರೆ ಬೇರೆಯಾಗಿ ಹೇಳುತ್ತಾರೆ. ಎಲ್ಲವೂ ಒಂದೇ ಅಲ್ಲವೇ?

ಅಲ್ಲ. ಕಸ್ಟಮ್ ಎಂದರೆ ನಿಮ್ಮ ಬೇಡಿಕೆಯಂತೆ ಮಾಡಿದ್ದು: ಅಲಗಿನ ಆಕಾರ, ಹಿಡಿಯ ವಸ್ತು, ಎಡಗೈಗೋ ಬಲಗೈಗೋ ಎಂಬುದನ್ನು ನೀವು ಹೇಳಿರುತ್ತೀರಿ. ತಯಾರಕರು ತಮ್ಮ ಮನಸ್ಸಿಗೆ ಬಂದಂತೆ ಮಾಡಿ ಮಾರಾಟಕ್ಕೆ ಇಟ್ಟದ್ದು ಕೈಯಿಂದ ಮಾಡಿದ್ದೇ ಇರಬಹುದು, ಆದರೆ ಕಸ್ಟಮ್ ಅಲ್ಲ. ಮಿಡ್‌ಟೆಕ್‌ನಲ್ಲಿ ವಿನ್ಯಾಸ ತಯಾರಕರದು, ಬಿಡಿಭಾಗಗಳನ್ನು ಕತ್ತರಿಸುವುದು ಹೆಚ್ಚಾಗಿ ಹೊರಗಿನ ಯಂತ್ರ, ಜೋಡಣೆ ಮತ್ತು ಕೊನೆಯ ಕೆಲಸ ಮತ್ತೆ ಅವರದು.

ಯಂತ್ರ ಬಳಸಿದ ಮಾತ್ರಕ್ಕೆ ಚಾಕು ಕೀಳಾಗುವುದಿಲ್ಲ. ಹಿಡಿಯ ಎರಡು ಪದರಗಳಲ್ಲಿನ ರಂಧ್ರಗಳು ಒಂದಕ್ಕೊಂದು ಕರಾರುವಾಕ್ಕಾಗಿ ಕೂಡಬೇಕಾದರೆ ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಕ್ಕಿಂತ ನಂಬಿಕಸ್ಥ ಕೆಲಸಗಾರ ಇಲ್ಲ. ಹದ ಹಾಕುವ, ಅಂದರೆ ಉಕ್ಕನ್ನು ಕಾಯಿಸಿ ತಣಿಸಿ ಗಡಸು ಮಾಡುವ ಕೆಲಸವನ್ನು ಅದರಲ್ಲೇ ಪಳಗಿದ ಸಂಸ್ಥೆಗೆ ಒಪ್ಪಿಸುವ ಒಳ್ಳೆಯ ತಯಾರಕರೂ ಬಹಳ ಮಂದಿ ಇದ್ದಾರೆ. ಯಾವ ಕೆಲಸ ಯಾರ ಕೈಯಲ್ಲಿ ಆಯಿತು ಎಂದು ನೇರವಾಗಿ ಕೇಳಿ. ನೇರವಾಗಿ ಹೇಳುವವರಲ್ಲಿ ಕೊಳ್ಳಿ. ಈ ಪ್ರಶ್ನೆಗೆ ಮುಖ ಗಂಟಿಕ್ಕುವವರಿಂದ ದೂರ ಇರಿ.

ಕಾರ್ಖಾನೆಯ ಚಾಕುಗಳೂ ಚೆನ್ನಾಗಿರುವಾಗ ಇದಕ್ಕೆ ಇಷ್ಟು ಬೆಲೆ ಏಕೆ?

ಕಾರ್ಖಾನೆಯ ಒಳ್ಳೆಯ ಚಾಕುಗಳು ಇಂದು ಬಹಳ ಚೆನ್ನಾಗಿವೆ, ನಿಜ. ಬರೀ ಕತ್ತರಿಸುವ ಕೆಲಸಕ್ಕಾದರೆ ಅವು ಸಾಕು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೈಕೆಲಸದ ಚಾಕುವಿನಲ್ಲಿ ನೀವು ಹಣ ಕೊಡುವುದು ಚಲಿಸುವ ಭಾಗಗಳ ಹೊಂದಾಣಿಕೆಗೆ.

ಲೈನರ್ ಲಾಕ್ ಕೂರಿಸುವುದನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ಟೈಟಾನಿಯಂ ತಗಡಿನಲ್ಲಿ ಒಂದು ಉದ್ದನೆಯ ನಾಲಗೆಯನ್ನು ಸೀಳಿ, ಅದು ಒಳಕ್ಕೆ ಒತ್ತುವಂತೆ ಬಗ್ಗಿಸಿರುತ್ತಾರೆ. ಅಲಗು ಪೂರ್ತಿ ತೆರೆದಾಗ ಈ ನಾಲಗೆಯ ತುದಿ ಅಲಗಿನ ಬುಡಕ್ಕೆ ಬಂದು ಆನಿಕೊಳ್ಳಬೇಕು. ಬುಡದ ಆ ಮುಖವನ್ನು ಏಳೆಂಟು ಡಿಗ್ರಿ ಇಳಿಜಾರಾಗಿ ಉಜ್ಜಿರುತ್ತಾರೆ. ಇಳಿಜಾರು ಹೆಚ್ಚಾದರೆ ಒತ್ತಡ ಬಿದ್ದಾಗ ನಾಲಗೆ ಜಾರುತ್ತದೆ, ಕಡಿಮೆಯಾದರೆ ಕಚ್ಚಿಕೊಂಡು ಬಿಡಿಸಲು ಬಾರದಂತಾಗುತ್ತದೆ. ತಯಾರಕರು ಆ ಮುಖಕ್ಕೆ ಮಾರ್ಕರ್ ಶಾಯಿ ಬಳಿದು, ಚಾಕುವನ್ನು ಜೋಡಿಸಿ, ಕೆಲವು ಸಲ ತೆರೆದು ಮುಚ್ಚಿ, ಮತ್ತೆ ಬಿಚ್ಚಿ ಶಾಯಿ ಎಲ್ಲಿ ಅಳಿಸಿದೆ ಎಂದು ನೋಡುತ್ತಾರೆ. ಅಳಿಸಿದ ಕಡೆ ಕೂದಲೆಳೆಯಷ್ಟು ಉಜ್ಜಿ ಮತ್ತೆ ಜೋಡಿಸುತ್ತಾರೆ. ಶಾಯಿ ಬೇಕಾದ ಕಡೆ, ಬೇಕಾದಷ್ಟು ಅಗಲದಲ್ಲಿ ಅಳಿಸುವವರೆಗೂ ಇದೇ ಕೆಲಸ. ಒಂದು ಸಲ ಹೆಚ್ಚಾಗಿ ಉಜ್ಜಿಬಿಟ್ಟರೆ ಲೈನರನ್ನೇ ಬದಲಿಸಬೇಕಾಗಬಹುದು. ಚಿತ್ರದಲ್ಲಿ ಇದು ಕಾಣುವುದಿಲ್ಲ. ಕೈಗೆ ಮಾತ್ರ ಗೊತ್ತಾಗುತ್ತದೆ.

ಯಾವ ಲಾಕ್ ಒಳ್ಳೆಯದು?

ಕೈಕೆಲಸದ ಚಾಕುಗಳಲ್ಲಿ ಬಹುಪಾಲು ಲೈನರ್ ಲಾಕ್ ಅಥವಾ ಫ್ರೇಮ್ ಲಾಕ್. ಹಿಡಿಯ ಒಳಗಿನ ತೆಳು ತಗಡೇ ಲಾಕಾದರೆ ಲೈನರ್, ಹಿಡಿಯ ದಪ್ಪ ಟೈಟಾನಿಯಂ ಭಾಗವೇ ಲಾಕಾದರೆ ಫ್ರೇಮ್. ಫ್ರೇಮ್ ಲಾಕನ್ನು 1990ರ ಸುಮಾರಿಗೆ ತಮ್ಮ ಸೆಬೆಂಜಾ ಚಾಕುವಿನ ಮೂಲಕ ಪ್ರಸಿದ್ಧಿಗೆ ತಂದವರು ಕ್ರಿಸ್ ರೀವ್. ಅದರಲ್ಲೊಂದು ಗುಣವಿದೆ: ಹಿಡಿಯನ್ನು ಬಿಗಿಯಾಗಿ ಹಿಡಿದಷ್ಟೂ ನಿಮ್ಮ ಬೆರಳುಗಳೇ ಲಾಕನ್ನು ಅದರ ಜಾಗಕ್ಕೆ ಒತ್ತುತ್ತವೆ. ಟೈಟಾನಿಯಂ ಉಕ್ಕಿಗಿಂತ ಮೆದು, ಉಜ್ಜಾಡಿದರೆ ಅಂಟಿಕೊಳ್ಳುವ ಗುಣ ಅದಕ್ಕಿದೆ. ಹೀಗಾಗಿ ಈಗ ಅನೇಕರು ಲಾಕಿನ ತುದಿಗೆ ಗಟ್ಟಿ ಉಕ್ಕಿನ ತುಣುಕೊಂದನ್ನು ಸ್ಕ್ರೂ ಹಾಕಿ ಕೂರಿಸುತ್ತಾರೆ. ಸವೆದರೆ ಅದೊಂದನ್ನೇ ಬದಲಿಸಬಹುದು. ಫ್ರೇಮ್ ಲಾಕ್ ಮಾಡಿಸುವವರು ಈ ತುಣುಕನ್ನು ಕೇಳಿ ಹಾಕಿಸಿಕೊಳ್ಳಿ.

ಹಿಡಿಯ ಬೆನ್ನಿನಲ್ಲಿ ಒತ್ತಿ ಬಿಡಿಸುವ ಲಾಕ್ (ಬ್ಯಾಕ್ ಲಾಕ್) ಹಳೆಯದು, ಗಟ್ಟಿ, ಎಡಗೈಯವರಿಗೂ ಬಲಗೈಯವರಿಗೂ ಒಂದೇ. ಮುಚ್ಚಲು ಮಾತ್ರ ಸ್ವಲ್ಪ ನಿಧಾನ. ಬೆಂಚ್‌ಮೇಡ್ ಸಂಸ್ಥೆ 1998ರಲ್ಲಿ ತಂದ ಆಕ್ಸಿಸ್ ಲಾಕ್ ಮಾದರಿಯಲ್ಲಿ ಒಂದು ಅಡ್ಡ ಸಲಾಕೆ ಅಲಗಿನ ಬುಡದ ಮೇಲೆ ಬಂದು ಕೂರುತ್ತದೆ. ಮುಚ್ಚುವಾಗ ಬೆರಳು ಅಲಗಿನ ದಾರಿಗೆ ಬರುವುದೇ ಇಲ್ಲ ಎಂಬುದು ಅದರ ದೊಡ್ಡ ಅನುಕೂಲ. ನೀವು ಎಡಗೈಯವರಾದರೆ ಲೈನರ್ ಅಥವಾ ಫ್ರೇಮ್ ಲಾಕನ್ನು ಎಡಗೈಗೆಂದೇ ಮಾಡಿಸಿ. ಬಲಗೈ ಲಾಕಿಗೆ ಹೊಂದಿಕೊಳ್ಳುತ್ತೇನೆ ಎನ್ನುವುದಾದರೆ ಕಸ್ಟಮ್ ಮಾಡಿಸುವ ಉದ್ದೇಶವೇ ಉಳಿಯುವುದಿಲ್ಲ.

ಯಾವ ಲಾಕಾದರೂ ಸರಿ, ಮಡಚು ಚಾಕು ಮಡಚುತ್ತದೆ. ಅಲಗಿನ ಬೆನ್ನಿನ ಮೇಲೆ ಭಾರ ಬೀಳುವ ಕೆಲಸಕ್ಕೆ, ಸೌದೆ ಸೀಳಲು, ಮೀಟಲು ಅದನ್ನು ಬಳಸಬಾರದು. ಅದಕ್ಕೆ ಮಡಚದ ಚಾಕು ಇದೆ.

ಚಾಕು ಕೈಗೆ ಬಂದಾಗ ಏನೇನು ನೋಡಬೇಕು?

ಮೊದಲು ಮುಚ್ಚಿದ ಚಾಕುವನ್ನು ಬೆಳಕಿಗೆ ಹಿಡಿದು ಹಿಡಿಯ ಸಂದಿನಲ್ಲಿ ನೋಡಿ. ಅಲಗು ಎರಡೂ ಪದರಗಳ ನಟ್ಟನಡುವೆ ಇರಬೇಕು, ಒಂದು ಪಕ್ಕಕ್ಕೆ ವಾಲಿರಬಾರದು. ನಂತರ ತುದಿ ಕೆಳಮುಖವಾಗಿರುವಂತೆ ಹಿಡಿದು ಸಣ್ಣಗೆ ಅಲುಗಾಡಿಸಿ. ಅಲಗು ತಾನಾಗಿ ಹೊರಬರಬಾರದು. ಅದನ್ನು ಮುಚ್ಚಿದ ಸ್ಥಿತಿಯಲ್ಲಿ ಹಿಡಿದಿಡುವುದು ಲಾಕಿನ ನಾಲಗೆಯಲ್ಲಿ ಕೂರಿಸಿದ ಒಂದು ಸಣ್ಣ ಗುಂಡು, ಡಿಟೆಂಟ್ ಬಾಲ್. ಅಲಗಿನ ಬುಡದಲ್ಲಿರುವ ಚಿಕ್ಕ ಕುಳಿಗೆ ಅದು ಇಳಿದಿರುತ್ತದೆ. ಜೇಬಿನಲ್ಲಿ ಚಾಕು ತಾನಾಗಿ ತೆರೆದುಕೊಳ್ಳದಂತೆ ಕಾಯುವುದು ಈ ಕಾಳಿನಷ್ಟು ಗಾತ್ರದ ಗುಂಡೇ. ಹೆಬ್ಬೆರಳಿಂದ ನಿಧಾನ ಒತ್ತಿದಾಗ ಒಂದು ಹಂತದವರೆಗೆ ತಡೆದು ಆಮೇಲೆ ಒಮ್ಮೆಲೇ ಬಿಟ್ಟುಕೊಡಬೇಕು.

ತೆರೆದ ಮೇಲೆ ಲಾಕಿನ ನಾಲಗೆ ಅಲಗಿನ ಬುಡದ ಅಗಲದಲ್ಲಿ ಎಷ್ಟು ದೂರ ಬಂದಿದೆ ನೋಡಿ. ಹೊಸ ಚಾಕುವಿನಲ್ಲಿ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಇದ್ದರೆ ಸರಿ. ಸವೆಯುತ್ತಾ ಹೋದಂತೆ ಅದು ಒಳಕ್ಕೆ ಸರಿಯುತ್ತದೆ, ಅದಕ್ಕೆ ಜಾಗ ಉಳಿದಿರಬೇಕು. ಮೊದಲ ದಿನವೇ ಎದುರು ಪದರವನ್ನು ಮುಟ್ಟುತ್ತಿದ್ದರೆ ಹಿಂದಿರುಗಿಸಿ. ಅಂಚಿಗಷ್ಟೇ ತಾಗಿಕೊಂಡಿದ್ದರೂ ಹಿಂದಿರುಗಿಸಿ. ಅಲಗಿನ ಬೆನ್ನನ್ನು ಹಿಡಿದು ಮೇಲೆ ಕೆಳಗೆ, ಅತ್ತ ಇತ್ತ ಅಲ್ಲಾಡಿಸಿ ನೋಡಿ. ಪಕ್ಕಕ್ಕೆ ತುಸು ಅಲುಗಿದರೆ ಪಿವಟ್ (ಅಲಗು ತಿರುಗುವ ಕೀಲು) ಸ್ಕ್ರೂ ಬಿಗಿದು ಸರಿಪಡಿಸಬಹುದು. ಮೇಲೆ ಕೆಳಗೆ ಅಲುಗಿದರೆ ಅದು ಲಾಕಿನ ದೋಷ, ಸ್ಕ್ರೂ ಬಿಗಿದರೆ ಹೋಗುವುದಿಲ್ಲ. ಇಷ್ಟಾದ ಮೇಲೆ ಬೆರಳುಗಳನ್ನು ಅಲಗು ಮುಚ್ಚುವ ದಾರಿಯಿಂದ ದೂರವಿಟ್ಟು, ಬೆನ್ನನ್ನು ಮೇಜಿನ ಅಂಚಿಗೆ ಆನಿಸಿ ಹದವಾಗಿ ಒತ್ತಿ. ಲಾಕ್ ಕದಲಬಾರದು.

ಬೆನ್ನನ್ನು ಮರಕ್ಕೆ ರಪರಪ ಬಡಿದು ಲಾಕ್ ಪರೀಕ್ಷಿಸುವವರಿದ್ದಾರೆ. ಹಾಗೆ ಮಾಡಬೇಡಿ. ಆ ಹೊಡೆತ ಲಾಕಿನ ಮುಖವನ್ನೂ ಅಲಗು ಬಂದು ನಿಲ್ಲುವ ಸ್ಟಾಪ್ ಪಿನ್ನನ್ನೂ ಜಜ್ಜುತ್ತದೆ. ಪರೀಕ್ಷೆಯಲ್ಲಿ ಗೆದ್ದ ಚಾಕು ಪರೀಕ್ಷೆಯಿಂದಲೇ ಕೆಡುತ್ತದೆ.

ಯಾವ ಉಕ್ಕು ಆರಿಸಲಿ?

ತಯಾರಕರಿಗೆ ಚೆನ್ನಾಗಿ ಪಳಗಿದ ಉಕ್ಕು. ಹೆಸರಾಂತ ಉಕ್ಕಿಗೆ ಕೆಟ್ಟ ಹದ ಹಾಕಿದರೆ, ಸಾಧಾರಣ ಉಕ್ಕಿಗೆ ಒಳ್ಳೆಯ ಹದ ಹಾಕಿದ್ದೇ ಅದನ್ನು ಮೀರಿಸುತ್ತದೆ.

ಉಕ್ಕಿನಲ್ಲಿ ಮೂರು ಗುಣಗಳ ಜಗ್ಗಾಟ ಇರುತ್ತದೆ: ಹರಿತ ಉಳಿಸಿಕೊಳ್ಳುವುದು, ಚಕ್ಕೆ ಏಳದೆ ತಡೆಯುವುದು, ತುಕ್ಕು ಹಿಡಿಯದಿರುವುದು. ಒಂದನ್ನು ಎಳೆದರೆ ಇನ್ನೊಂದು ಸಡಿಲವಾಗುತ್ತದೆ. ಡಿ2 ಉಕ್ಕಿನಲ್ಲಿ ಸುಮಾರು ಶೇ. 1.5 ಇಂಗಾಲ, ಶೇ. 12ರಷ್ಟು ಕ್ರೋಮಿಯಂ ಇದೆ. ಹರಿತ ಬಹುಕಾಲ ಬಾಳುತ್ತದೆ, ಆದರೆ ಬೆವರಿನ ಜೇಬಿನಲ್ಲಿ ಕಲೆ ಬೀಳುತ್ತದೆ. ಕ್ರೂಸಿಬಲ್ ಸಂಸ್ಥೆ ಚಾಕು ತಯಾರಕರ ಸಲಹೆ ಪಡೆದು 2001ರಲ್ಲಿ ತಂದ ಎಸ್30ವಿ ಉಕ್ಕು, ಪುಡಿಲೋಹದಿಂದ ಮಾಡಿದ ಸ್ಟೇನ್‌ಲೆಸ್ ಉಕ್ಕುಗಳನ್ನು ಈ ಲೋಕದಲ್ಲಿ ರೂಢಿಗೆ ತಂದಿತು. ಲೋಹತಜ್ಞ ಲಾರಿನ್ ಥಾಮಸ್ ರೂಪಿಸಿ 2021ರಲ್ಲಿ ಬಂದ ಮ್ಯಾಗ್ನಾಕಟ್ ನನಗೆ ಅತ್ಯಂತ ಮೆಚ್ಚುಗೆಯಾದದ್ದು. ಅದರಲ್ಲಿ ಕ್ರೋಮಿಯಂ ಸುಮಾರು ಶೇ. 10.7 ಮಾತ್ರ. ಆದರೂ ತುಕ್ಕು ಬಹಳ ಚೆನ್ನಾಗಿ ತಡೆಯುತ್ತದೆ. ಬೇರೆ ಉಕ್ಕುಗಳಲ್ಲಿ ಕ್ರೋಮಿಯಂನ ಒಂದಷ್ಟು ಪಾಲು ಇಂಗಾಲದ ಜೊತೆ ಸೇರಿ ಗಟ್ಟಿ ಕಣಗಳಾಗಿ ಸಿಕ್ಕಿಬೀಳುತ್ತದೆ. ಇಲ್ಲಿ ಅದು ಬಹುತೇಕ ಲೋಹದಲ್ಲೇ ಕರಗಿದ್ದು ತುಕ್ಕಿನ ವಿರುದ್ಧ ಕೆಲಸ ಮಾಡುತ್ತದೆ.

ತಯಾರಕರನ್ನು ಕೇಳಬೇಕಾದದ್ದು: ಗಡಸುತನ ರಾಕ್‌ವೆಲ್ ಸಿ ಮಾಪನದಲ್ಲಿ ಎಷ್ಟು? ಅದನ್ನು ಅಳೆದು ನೋಡಿದ್ದಾರೆಯೇ? ಬಿಸಿಯಿಂದ ತಣಿಸಿದ ಮೇಲೆ ಅತಿಶೀತಲದಲ್ಲಿ ಇಟ್ಟಿದ್ದರೇ? ದ್ರವ ಸಾರಜನಕದ ಮೈನಸ್ 196 ಡಿಗ್ರಿಯಲ್ಲಿ ಇಟ್ಟಾಗ, ಗಟ್ಟಿಯಾಗದೆ ಉಳಿದಿದ್ದ ಭಾಗವೂ ಗಟ್ಟಿಯಾಗುತ್ತದೆ. ಇಂಥ ಉಕ್ಕುಗಳ ಮಡಚು ಚಾಕುಗಳು ಸಾಮಾನ್ಯವಾಗಿ 59ರಿಂದ 63ರ ನಡುವೆ ಇರುತ್ತವೆ. ಅಂಕಿಯನ್ನು ಸರಾಗವಾಗಿ ಹೇಳುವ ತಯಾರಕರು ತಮ್ಮ ಹದವನ್ನು ಬಲ್ಲವರು.

ಅಲಗು ಎಷ್ಟು ಉದ್ದ, ಎಷ್ಟು ದಪ್ಪ ಇರಲಿ?

ಉದ್ದ 75ರಿಂದ 90 ಮಿಲಿಮೀಟರ್ ಇದ್ದರೆ ದಿನದ ಎಲ್ಲ ಕೆಲಸಕ್ಕೂ ಸಾಕು. ಕಾನೂನು ಅದಕ್ಕಿಂತ ಚಿಕ್ಕದನ್ನು ಕೇಳಿದರೆ ಚಿಕ್ಕದನ್ನೇ ಮಾಡಿಸಿ.

ದಪ್ಪದ ವಿಷಯದಲ್ಲಿ ನನ್ನ ನಿಲುವು ಗಟ್ಟಿ. ಟ್ಯಾಕ್ಟಿಕಲ್ ಚಾಕುಗಳಲ್ಲಿ ಬಹಳಷ್ಟನ್ನು ಅನಗತ್ಯವಾಗಿ ದಪ್ಪ ಮಾಡುತ್ತಾರೆ. ಐದಾರು ಮಿಲಿಮೀಟರ್ ದಪ್ಪದ ಅಲಗು ಕೈಗೆ ಗಂಭೀರವಾಗಿ ಕಾಣುತ್ತದೆ, ಆದರೆ ರಟ್ಟನ್ನು ಕೊಯ್ಯಲು ಹೋದರೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತದೆ. ಬೆನ್ನು ಮೂರು, ಮೂರೂವರೆ ಮಿಲಿಮೀಟರ್ ಇರಲಿ. ಅದಕ್ಕಿಂತ ಮುಖ್ಯವಾದದ್ದು ಬಾಯಿಯ ಹಿಂದಿನ ದಪ್ಪ, ಅಂದರೆ ಸಾಣೆ ಹಿಡಿದ ಇಳಿಜಾರು ಶುರುವಾಗುವ ಜಾಗದ ದಪ್ಪ. ಅದು ಅರ್ಧ ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಚಾಕು ನಿಜವಾಗಿ ಕತ್ತರಿಸುತ್ತದೆ. ಆರ್ಡರ್ ಕೊಡುವಾಗ ಈ ಅಳತೆಯನ್ನು ಬರಹದಲ್ಲಿ ಹಾಕಿಸಿ. ತುದಿಯ ಆಕಾರದಲ್ಲಿ ಡ್ರಾಪ್ ಪಾಯಿಂಟ್, ಅಂದರೆ ಬೆನ್ನು ನಿಧಾನವಾಗಿ ತುದಿಗೆ ಇಳಿಯುವ ಆಕಾರ, ಎಲ್ಲಕ್ಕೂ ಒಗ್ಗುತ್ತದೆ. ಬಾಯಿ ಮೂಲೆಯಾಗಿ ಮುರಿದು ಎರಡು ನೇರ ಅಂಚುಗಳಾಗುವ ಟ್ಯಾಂಟೋ ತುದಿ ಗಟ್ಟಿ, ಆದರೆ ಸಾಣೆ ಹಿಡಿಯುವುದು ಎರಡು ಪಟ್ಟು ಕೆಲಸ.

ಹಿಡಿಗೆ ಯಾವುದು?

ಗಾಜಿನ ನಾರು ಮತ್ತು ಎಪಾಕ್ಸಿಯ ಜಿ10 ಹಗುರ, ನೀರಿಗೆ ಜಗ್ಗುವುದಿಲ್ಲ, ಒರಟಾಗಿ ಬಿಟ್ಟರೆ ಜಾರುವುದಿಲ್ಲ. ಅತಿ ಒರಟಾದರೆ ಪ್ಯಾಂಟಿನ ಜೇಬನ್ನು ಸವೆಸಿಬಿಡುತ್ತದೆ. ಬಟ್ಟೆ ಅಥವಾ ಕಾಗದದ ಪದರಗಳಿಂದ ಮಾಡಿದ ಮೈಕಾರ್ಟಾ ಬಳಸುತ್ತಾ ಬಳಸುತ್ತಾ ಕೈಗೆ ಒಗ್ಗುತ್ತದೆ, ನನಗೆ ಅದೇ ಇಷ್ಟ. ಟೈಟಾನಿಯಂ ಎಂದರೆ ಸಾಮಾನ್ಯವಾಗಿ ಶೇ. 6 ಅಲ್ಯೂಮಿನಿಯಂ, ಶೇ. 4 ವೆನೇಡಿಯಂ ಸೇರಿದ ಮಿಶ್ರಲೋಹ. ಉಕ್ಕಿನ ಅರ್ಧಕ್ಕಿಂತ ತುಸು ಹೆಚ್ಚು ತೂಕ. ಅದರ ಮೇಲಿನ ನೀಲಿ, ನೇರಳೆ, ಚಿನ್ನದ ಬಣ್ಣಗಳು ಬಳಿದವಲ್ಲ. ವಿದ್ಯುತ್ ಹಾಯಿಸಿ ಬೆಳೆಸಿದ ಆಕ್ಸೈಡ್ ಪದರದ ದಪ್ಪಕ್ಕೆ ತಕ್ಕಂತೆ ಬೆಳಕು ಆ ಬಣ್ಣಗಳನ್ನು ತೋರಿಸುತ್ತದೆ. ಕ್ಲಿಪ್ ಉಜ್ಜುವ ಕಡೆ ಈ ಬಣ್ಣ ಬೇಗ ಮಾಸುತ್ತದೆ ಎಂಬುದು ಗೊತ್ತಿರಲಿ.

ಆರ್ಡರ್ ಕೊಡುವುದು ಹೇಗೆ? ಮುಂಗಡ ಕೇಳುತ್ತಿದ್ದಾರೆ, ಕೊಡಲೇ?

ಹೆಸರು ಮಾಡಿದ ತಯಾರಕರಲ್ಲಿ ಸರದಿ ತಿಂಗಳುಗಳಲ್ಲಿ, ಕೆಲವೊಮ್ಮೆ ವರ್ಷಗಳಲ್ಲಿ ಇರುತ್ತದೆ. ಇನ್ನು ಕೆಲವರು ಸರದಿಯನ್ನೇ ಮುಚ್ಚಿ, ಚಾಕುಗಳನ್ನು ಮೇಳಗಳಲ್ಲಿ ಚೀಟಿ ಎತ್ತಿ ಮಾರುತ್ತಾರೆ. ಮೇಳಕ್ಕೆ ಹೋಗುವ ಅವಕಾಶ ಸಿಕ್ಕರೆ ಬಿಡಬೇಡಿ. ಚಾಕು ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುವುದು ಎಷ್ಟೋ ಚಿತ್ರಗಳಿಂದ ತಿಳಿಯುವುದಿಲ್ಲ.

ಸರದಿಯಲ್ಲಿ ಹೆಸರು ಬರೆಸಲು ಸಣ್ಣ ಮೊತ್ತ ಕೇಳಿದರೆ ತಪ್ಪಿಲ್ಲ. ಕೆಲಸ ಶುರುವಾಗುವ ಮೊದಲೇ ಪೂರ್ತಿ ಹಣ ಕೇಳಿದರೆ ಕೊಡಬೇಡಿ. ಎಷ್ಟೋ ಮಂದಿ ಒಳ್ಳೆಯ ಕುಶಲಕರ್ಮಿಗಳು ಲೆಕ್ಕಪತ್ರದಲ್ಲಿ ಹಿಂದೆ. ಮುಂಗಡ ಖರ್ಚಾಗಿ ಹೋಗಿ ಕೆಲಸ ಉಳಿದುಬಿಟ್ಟಾಗ ಅವರೂ ನೀವೂ ಇಬ್ಬರೂ ಸಂಕಟಕ್ಕೆ ಬೀಳುತ್ತೀರಿ. ಒಪ್ಪಂದ ಬರಹದಲ್ಲಿರಲಿ: ಅಳತೆಗಳು, ಉಕ್ಕು, ಗಡಸುತನ, ಲಾಕ್, ಹಿಡಿ, ಕ್ಲಿಪ್ ಯಾವ ಕಡೆ, ಅಂದಾಜು ಸಮಯ, ರದ್ದು ಮಾಡಿದರೆ ಹಣದ ಕಥೆ, ದುರಸ್ತಿಯ ಹೊಣೆ. ಅಳತೆ ಹೇಳಿ, ಬಳಕೆ ಹೇಳಿ, ಆಮೇಲೆ ಅವರ ಶೈಲಿಗೆ ಬಿಡಿ. ಒಬ್ಬ ತಯಾರಕರ ಬಳಿ ಹೋಗಿ ಇನ್ನೊಬ್ಬರ ಚಾಕುವಿನ ಚಿತ್ರ ತೋರಿಸಿ ಇಂಥದ್ದೇ ಮಾಡಿ ಎನ್ನುವುದು ಇಬ್ಬರಿಗೂ ಅವಮಾನ.

ಕೈಬದಲಾದ ಚಾಕು ಕೊಳ್ಳಬಹುದೇ?

ಕೊಳ್ಳಬಹುದು, ಕಾಯುವುದು ತಪ್ಪುತ್ತದೆ. ಪ್ರಸಿದ್ಧ ಮಾದರಿಗಳಿಗೆ ನಕಲಿಗಳು ಧಾರಾಳವಾಗಿ ಇವೆ. ಮೂಲ ತಯಾರಕರಿಗೆ ಚಿತ್ರಗಳನ್ನು ಕಳಿಸಿ ಕೇಳಿದರೆ ತಮ್ಮ ಕೆಲಸವನ್ನು ಅವರು ಗುರುತಿಸುತ್ತಾರೆ. ಹಿಂದಿನ ಮಾಲೀಕರು ಚಾಕುವನ್ನು ಬಿಚ್ಚಿದ್ದರೇ, ತಾವೇ ಸಾಣೆ ಹಿಡಿದಿದ್ದರೇ ಎಂದು ಕೇಳಿಕೊಳ್ಳಿ.

ಇದನ್ನು ಜೇಬಿನಲ್ಲಿ ಇಟ್ಟುಕೊಂಡು ಓಡಾಡಲು ಕಾನೂನು ಬಿಡುತ್ತದೆಯೇ?

ಆರ್ಡರ್ ಕೊಡುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಯಾವ ಗುಣಗಳು ಚಾಕುವನ್ನು ಟ್ಯಾಕ್ಟಿಕಲ್ ಮಾಡುತ್ತವೆಯೋ ಅವೇ ಗುಣಗಳು ಹಲವು ದೇಶಗಳಲ್ಲಿ ಅದನ್ನು ನಿಷೇಧದ ಪಟ್ಟಿಗೆ ಸೇರಿಸುತ್ತವೆ.

ಬ್ರಿಟನ್ನಿನಲ್ಲಿ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ ಪ್ರಕಾರ, ಕತ್ತರಿಸುವ ಬಾಯಿ ಮೂರು ಇಂಚು ಮೀರದ ಮಡಚು ಚಾಕುವನ್ನು ಕಾರಣ ಕೊಡದೆ ಒಯ್ಯಬಹುದು. ಆದರೆ ಲಾಕ್ ಇದ್ದರೆ ಈ ವಿನಾಯಿತಿ ಇಲ್ಲ ಎಂದು ಅಲ್ಲಿನ ನ್ಯಾಯಾಲಯ 1993ರಲ್ಲಿ ಹೇಳಿತು. ಎರಡು ಇಂಚಿನದಾದರೂ ಲಾಕ್ ಇದ್ದರೆ ಸಕಾರಣ ಬೇಕು. ಜರ್ಮನಿಯಲ್ಲಿ 2008ರಿಂದ, ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವ ಚಾಕುವನ್ನು ಒಪ್ಪತಕ್ಕ ಕಾರಣವಿಲ್ಲದೆ ಸಾರ್ವಜನಿಕವಾಗಿ ಒಯ್ಯುವಂತಿಲ್ಲ. ಮನೆಯಲ್ಲಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಜಪಾನಿನಲ್ಲಿ ಆರು ಸೆಂಟಿಮೀಟರ್ ಮೀರಿದ ಅಲಗನ್ನು ಸಕಾರಣವಿಲ್ಲದೆ ಒಯ್ಯುವುದು ಅಪರಾಧ. ಭಾರತದ 2016ರ ಆಯುಧ ನಿಯಮಗಳು ಮನೆ, ಬೇಸಾಯ, ಕೈಗಾರಿಕೆಯಂಥ ಬಳಕೆಗೆಂದು ಮಾಡಿದವನ್ನು ಬಿಟ್ಟು, ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳನ್ನು ಆಯುಧದ ವರ್ಗಕ್ಕೆ ಸೇರಿಸುತ್ತವೆ. ಅಮೆರಿಕದಲ್ಲಿ ಗುಂಡಿ ಒತ್ತಿದರೆ ಚಿಮ್ಮುವ ಚಾಕುಗಳ ಅಂತರರಾಜ್ಯ ವ್ಯಾಪಾರದ ಮೇಲೆ 1958ರ ಒಕ್ಕೂಟ ಕಾಯ್ದೆ ಇದೆ, ಮಿಕ್ಕಿದ್ದೆಲ್ಲ ರಾಜ್ಯಕ್ಕೊಂದು ಬಗೆ.

ಅದೇ ಅಮೆರಿಕದ ನ್ಯೂಯಾರ್ಕಿನ ಕಥೆ ಚಾಕು ಮಾಡಿಸುವವರು ತಿಳಿಯಬೇಕಾದದ್ದು. ಮಣಿಕಟ್ಟನ್ನು ಜಾಡಿಸಿದರೆ ಅಲಗು ತೆರೆಯುತ್ತದೆಯೇ ಎಂದು ನೋಡಿ, ತೆರೆದರೆ ಅದು ಗ್ರಾವಿಟಿ ಚಾಕು, ಅಂದರೆ ಭಾರದಿಂದಲೋ ಜಾಡಿಕೆಯಿಂದಲೋ ತೆರೆಯುವ ನಿಷೇಧಿತ ಚಾಕು ಎಂದು ಪೊಲೀಸರು ಪ್ರಕರಣ ಹಾಕುತ್ತಿದ್ದರು. ಮಾಮೂಲಿ ಕೆಲಸದ ಚಾಕು ಇಟ್ಟುಕೊಂಡಿದ್ದ ಎಷ್ಟೋ ದುಡಿಯುವ ಜನ ಇದರಿಂದ ಪೊಲೀಸ್ ಠಾಣೆ ಹತ್ತಬೇಕಾಯಿತು. ಆ ನಿಷೇಧ 2019ರಲ್ಲಿ ರದ್ದಾಯಿತು. ಡಿಟೆಂಟ್ ಎಷ್ಟು ಬಿಗಿ ಇದೆ ಎಂಬ ತಯಾರಕರ ಸೂಕ್ಷ್ಮ ಕೆಲಸವೇ ಅಲ್ಲಿ ಕಾನೂನಿನ ಪ್ರಶ್ನೆಯಾಗಿತ್ತು.

ಹೀಗಾಗಿ ನಿಮ್ಮ ಜಾಗದ ಕಾನೂನಿನಲ್ಲಿ ಅಲಗಿನ ಉದ್ದ, ಲಾಕ್, ತೆರೆಯುವ ಬಗೆ, ಮರೆಯಾಗಿ ಒಯ್ಯುವುದು, ಒಯ್ಯುವ ಕಾರಣ ಇವಿಷ್ಟನ್ನೂ ಒಂದೊಂದಾಗಿ ನೋಡಿ. ಮೂಲ ಕಾಯ್ದೆಯನ್ನೇ ಓದಿ, ಅರ್ಥವಾಗದಿದ್ದರೆ ವಕೀಲರನ್ನು ಕೇಳಿ. ಮಾರುವವರ ಭರವಸೆ ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಕಾಯ್ದೆ ಬಿಟ್ಟರೂ ಶಾಲೆ, ನ್ಯಾಯಾಲಯ, ಸರ್ಕಾರಿ ಕಚೇರಿ, ಕ್ರೀಡಾಂಗಣ, ಜನ ಸೇರುವ ಸಭೆಗಳಿಗೆ ಚಾಕು ಒಯ್ಯುವ ಮಾತೇ ಬೇಡ. ಹೊರದೇಶದಿಂದ ತರಿಸುವುದಾದರೆ ಕಸ್ಟಮ್ಸ್ ನಿಯಮ ಬೇರೆಯೇ ಇರುತ್ತದೆ.

ವಿಮಾನದಲ್ಲಿ?

ಕೈಚೀಲದಲ್ಲಿ ಬೇಡ. ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ ಸಣ್ಣ ಚಾಕುಗಳನ್ನು ಬಿಡುವುದಾಗಿ 2013ರಲ್ಲಿ ಹೇಳಿ, ಕೆಲವೇ ತಿಂಗಳಲ್ಲಿ ಆ ಯೋಚನೆ ಕೈಬಿಟ್ಟಿತು. ಸರಕು ವಿಭಾಗಕ್ಕೆ ಹೋಗುವ ಪೆಟ್ಟಿಗೆಯಲ್ಲಿ ಸುತ್ತಿಟ್ಟು ಹಾಕಿ. ಇಳಿಯುವ ಊರಿನ ಕಾನೂನನ್ನೂ ಮಧ್ಯೆ ವಿಮಾನ ಬದಲಿಸುವ ದೇಶದ ಕಾನೂನನ್ನೂ ಮೊದಲೇ ನೋಡಿಕೊಳ್ಳಿ. ಹೊರಡುವ ಹಿಂದಿನ ರಾತ್ರಿ ಜೇಬು, ಚೀಲದ ಸಣ್ಣ ಖಾನೆಗಳನ್ನೆಲ್ಲ ತಡಕಿ ನೋಡಿ. ತಪಾಸಣೆಯಲ್ಲಿ ಸಿಕ್ಕ ಚಾಕು ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ.

ಆತ್ಮರಕ್ಷಣೆಗೆ ಆಗುತ್ತದೆಯೇ?

ಅದಕ್ಕೆಂದು ಕೊಳ್ಳಬೇಡಿ. ಹೆದರಿದ ಕೈಗೆ ಜೇಬಿನಿಂದ ಚಾಕು ತೆಗೆಯುವುದು, ತೆರೆಯುವುದು ಎರಡೂ ಸುಲಭವಲ್ಲ. ತೆರೆದರೂ ಅದು ಎದುರಿನವನನ್ನು ತಡೆದು ನಿಲ್ಲಿಸುತ್ತದೆ ಎಂಬ ಖಾತ್ರಿಯಿಲ್ಲ. ನಿಮ್ಮದೇ ಚಾಕು ನಿಮ್ಮ ಮೇಲೆ ತಿರುಗಬಹುದು, ಸಣ್ಣ ಜಗಳ ಕೊಲೆಯವರೆಗೆ ಹೋಗಬಹುದು. ಚಾಕು ಏಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದಾಗ ರಕ್ಷಣೆಗೆ ಎಂದು ಹೇಳುವುದು ಹಲವು ದೇಶಗಳಲ್ಲಿ ನೀವೇ ನಿಮ್ಮ ವಿರುದ್ಧ ಸಾಕ್ಷಿ ನುಡಿದಂತೆ. ಬ್ರಿಟನ್, ಜರ್ಮನಿಗಳಲ್ಲಿ ಅದನ್ನು ಸಾಮಾನ್ಯವಾಗಿ ಒಪ್ಪತಕ್ಕ ಕಾರಣವೆಂದು ಎಣಿಸುವುದಿಲ್ಲ. ಅಪಾಯ ಕಂಡರೆ ಅಲ್ಲಿಂದ ಹೊರಡಿ, ಕೂಗಿ, ಸಹಾಯ ಕರೆಯಿರಿ.

ಯಾವ ಜೇಬಿನಲ್ಲಿ, ಹೇಗೆ ಇಟ್ಟುಕೊಳ್ಳಲಿ?

ಬಲಗೈಯವರು ಬಲ ಮುಂಜೇಬಿನ ಹಿಂದಿನ ಅಂಚಿಗೆ ಕ್ಲಿಪ್ ಸಿಕ್ಕಿಸಿ. ತುದಿ ಮೇಲಿರುವಂತೆ ಇಟ್ಟರೆ ತೆಗೆದು ತೆರೆಯುವುದು ಸಲೀಸು, ಆದರೆ ಅಲಗು ಜೇಬಿನಲ್ಲಿ ತುಸು ತೆರೆದುಕೊಂಡರೆ ಕೈ ಹಾಕಿದಾಗ ಬೆರಳು ಕೊಯ್ಯುತ್ತದೆ. ಅಲಗಿನ ಬೆನ್ನು ಜೇಬಿನ ಹೊಲಿಗೆಗೆ ಆನಿಕೊಂಡಿದ್ದರೆ ಆ ಅಪಾಯ ಬಹುತೇಕ ಇಲ್ಲ; ಡಿಟೆಂಟ್ ಗಟ್ಟಿ ಇರಬೇಕೆನ್ನುವುದೂ ಇದೇ ಕಾರಣಕ್ಕೆ. ಚಾಕುವಿನ ಜೊತೆ ಬೀಗದ ಕೈ, ನಾಣ್ಯ ಹಾಕಬೇಡಿ. ಜನರ ನಡುವೆ ಚಟ್ ಎಂದು ಚಿಮ್ಮಿಸಿ ತೆರೆಯಬೇಡಿ, ಎರಡು ಕೈಯಲ್ಲಿ ನಿಧಾನ ತೆರೆಯಿರಿ. ಯಾರಾದರೂ ನೋಡಲು ಕೇಳಿದರೆ ಮುಚ್ಚಿ ಕೊಡಿ. ಮಕ್ಕಳಿರುವ ಮನೆಯಲ್ಲಿ ಅದರ ಜಾಗ ಬೀಗ ಹಾಕಿದ ಕಪಾಟು.

ಸುಮ್ಮನೆ ತೆರೆದು ಮುಚ್ಚಿ ಆಡುತ್ತಿದ್ದರೆ ಹಾಳಾಗುತ್ತದೆಯೇ?

ಮೊದಲ ಕೆಲವು ವಾರ ಅದರಿಂದ ಒಳ್ಳೆಯದೇ. ಅಲಗಿನ ಎರಡೂ ಪಕ್ಕ ಕೂರುವ ಫಾಸ್ಫರ್ ಬ್ರಾಂಜ್ (ಕಂಚಿನ) ವಾಷರುಗಳು ನುಣುಪಾಗಿ ಕೂರುತ್ತವೆ, ಲಾಕ್ ತನ್ನ ಜಾಗ ಹಿಡಿಯುತ್ತದೆ. ಮಣಿಕಟ್ಟು ಜಾಡಿಸಿ ರಭಸದಿಂದ ತೆರೆಯುವುದು ಮಾತ್ರ ಸ್ಟಾಪ್ ಪಿನ್ನಿಗೂ ಲಾಕಿಗೂ ಪೆಟ್ಟು.

ಬಿಚ್ಚಿ ಸ್ವಚ್ಛ ಮಾಡಬಹುದೇ?

ತಯಾರಕರನ್ನು ಕೇಳಿ. ಬಿಚ್ಚಿದರೆ ದುರಸ್ತಿಯ ಹೊಣೆ ತಮ್ಮದಲ್ಲ ಎನ್ನುವವರಿದ್ದಾರೆ. ಬಿಚ್ಚುವ ಅಗತ್ಯವೂ ಅಪರೂಪ. ಜೇಬಿನ ನೂಲುಪುಡಿಯನ್ನು ಊದಿ ತೆಗೆದು, ಬಿಸಿ ನೀರು ಮತ್ತು ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಪಿವಟ್‌ಗೆ ಒಂದೇ ತೊಟ್ಟು ಎಣ್ಣೆ ಬಿಟ್ಟರೆ ಸಾಕು. ಹೆಚ್ಚು ಎಣ್ಣೆ ಧೂಳನ್ನು ಕರೆಯುತ್ತದೆ. ಲಾಕಿನ ಮುಖಕ್ಕೆ ಎಣ್ಣೆ ಹಾಕಬೇಡಿ, ಅದು ಒಣಗಿರಬೇಕು. ಬಿಚ್ಚಲೇಬೇಕಾದರೆ ಒಳ್ಳೆಯ ಟಾರ್ಕ್ಸ್ (ನಕ್ಷತ್ರದಾಕಾರದ) ಬಿಟ್ ಬಳಸಿ, ಅಗ್ಗದ ಬಿಟ್ ಸ್ಕ್ರೂವಿನ ತಲೆಯನ್ನು ತಿಂದುಹಾಕುತ್ತದೆ. ಸ್ಕ್ರೂ ಬಾರದಿದ್ದರೆ ಬಲ ಪ್ರಯೋಗಿಸಬೇಡಿ. ಅಂಟು ಹಾಕಿ ಕೂರಿಸಿರುತ್ತಾರೆ, ಬೆಸುಗೆ ಕಬ್ಬಿಣದ ತುದಿಯಿಂದ ತುಸು ಬಿಸಿ ಮಾಡಿದರೆ ಬಿಡುತ್ತದೆ.

ಸಾಣೆ ಹಿಡಿಯುವುದನ್ನು ನಾನೇ ಮಾಡಲೇ?

ಮಾಡಿ, ಆದರೆ ಮೊದಲು ಬೇರೆ ಚಾಕುವಿನ ಮೇಲೆ ಕಲಿತು. ವೆನೇಡಿಯಂ ಹೆಚ್ಚಿರುವ ಉಕ್ಕುಗಳಿಗೆ ವಜ್ರದ ಪುಡಿಯ ಸಾಣೆ ಬೇಕು, ಸಾಮಾನ್ಯ ಕಲ್ಲು ಸೋಲುತ್ತದೆ. ಒಂದೊಂದು ಪಕ್ಕಕ್ಕೆ 17ರಿಂದ 20 ಡಿಗ್ರಿ ಕೋನ ಇಡಿ. ಪೂರ್ತಿ ಮೊಂಡಾಗುವವರೆಗೆ ಕಾಯದೆ, ಆಗಾಗ ಚರ್ಮದ ಪಟ್ಟಿಯ ಮೇಲೆ ನಾಲ್ಕಾರು ಸಲ ಎಳೆದರೆ ಸಾಣೆಯ ಸರದಿ ಬಹಳ ದಿನಕ್ಕೊಮ್ಮೆ ಬರುತ್ತದೆ. ವಿದ್ಯುತ್ ಚಕ್ರಕ್ಕೆ ಕೊಡಬೇಡಿ. ತೆಳುವಾದ ಬಾಯಿ ಕ್ಷಣದಲ್ಲಿ ಕಾದು ತಯಾರಕರು ಹಾಕಿದ ಹದವೇ ಇಳಿದುಹೋಗುತ್ತದೆ.

ಲಾಕ್ ಎದುರು ಪದರದವರೆಗೆ ಸರಿದುಹೋಗಿದೆ, ತಯಾರಕರು ಕೆಲಸ ನಿಲ್ಲಿಸಿದ್ದಾರೆ. ಈಗೇನು?

ಮೊದಲು ಚಾಕುವಿನ ಬಳಕೆ ನಿಲ್ಲಿಸಿ. ಲಾಕಿಗೆ ಉಕ್ಕಿನ ತುಣುಕು ಹಾಕಿದ್ದರೆ ಕೆಲಸ ಸುಲಭ, ಆ ಅಳತೆಯ ಹೊಸ ತುಣುಕನ್ನು ಯಾವ ನುರಿತ ತಯಾರಕರಾದರೂ ಮಾಡಿಕೊಡಬಲ್ಲರು. ಇಲ್ಲದಿದ್ದರೆ ಎರಡು ದಾರಿ ಇವೆ: ತುಸು ದಪ್ಪದ ಸ್ಟಾಪ್ ಪಿನ್ ಹಾಕುವುದು, ಇಲ್ಲವೇ ಹೊಸ ಲೈನರ್ ಕತ್ತರಿಸಿ ಕೂರಿಸುವುದು. ಮೊದಲನೆಯದರಲ್ಲಿ ಅಲಗು ತೆರೆದು ನಿಲ್ಲುವ ಕೋನ ಕೂದಲೆಳೆಯಷ್ಟು ಬದಲಾಗುತ್ತದೆ, ಲಾಕ್ ಮತ್ತೆ ಈಚೆಗೆ ಬರುತ್ತದೆ. ಆದರೆ ಮುಚ್ಚಿದಾಗಲೂ ಅಲಗು ನಿಲ್ಲುವುದು ಅದೇ ಪಿನ್ನಿನ ಮೇಲೆ ಆಗಿದ್ದರೆ ಡಿಟೆಂಟ್ ಗುಂಡು ತನ್ನ ಕುಳಿಗೆ ಸರಿಯಾಗಿ ಇಳಿಯದೆ ಹೋಗಬಹುದು. ಕೆಲಸ ಒಪ್ಪಿಸುವಾಗ ಇದನ್ನು ನೋಡಿಕೊಳ್ಳುವಂತೆ ಹೇಳಿ. ಲಾಕಿನ ತುದಿಯನ್ನು ಸುತ್ತಿಗೆಯಿಂದ ತಟ್ಟಿ ಉದ್ದ ಮಾಡುತ್ತೇನೆ ಎನ್ನುವವರ ಕೈಗೆ ಕೊಡಬೇಡಿ, ಅದು ಕೆಲವೇ ದಿನ ನಿಂತು ಮತ್ತೆ ಜಾರುತ್ತದೆ.